ಮೂವತ್ತೇಳನೇ ಬಾಕ್ಸ್

ಜನವರಿ 9

ಗುಂಡಾ,

ಕಂಟೇನರ್ ನಿನ್ನೆ ಮಧ್ಯಾಹ್ನ ಹೊರಟಿತು. ಇಲ್ಲಿನ ಆಸ್ಪತ್ರೆಗಳು ಕೊಟ್ಟ ಸಾಮಾನು, ಈ ಸಲ ನೂರ ನಲವತ್ತು ಬಾಕ್ಸ್. ಹಡಗು ಹತ್ತಿ ಇಳಿದು ನಿನ್ನ ಆಸ್ಪತ್ರೆ ಬಾಗಿಲು ಮುಟ್ಟೋಕೆ ಮೂರು ತಿಂಗಳಾದರೂ ಬೇಕಂತೆ. ಈ ಪತ್ರ ಮೂರು ವಾರಕ್ಕೆ ಸಿಗುತ್ತೆ. ಅಷ್ಟರಲ್ಲಿ ಜಾಗ ಮಾಡಿಟ್ಟುಕೋ.

ಲಾರಿ ಹೋದಮೇಲೆ ನಾನೂ ತಾರೀಖಪ್ಪನೂ ಖಾಲಿ ಗೋದಾಮಿನಲ್ಲಿ ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತಿದ್ದೆವು. ತಾರೀಖಪ್ಪ ಗೊತ್ತಲ್ಲ, ಔಷಧಿ ಅಂಗಡಿ ಇಟ್ಟಿದ್ದವರು, ಈಗ ನನ್ನ ಹಾಗೇ ಕೆಲಸದಿಂದ ಬಿಡುಗಡೆ. ಒಂದೊಂದು ಪ್ಯಾಕೆಟ್ಟನ್ನೂ ಮೂಗಿಗೆ ತಾಗಿಸಿಕೊಂಡು ಅವಧಿ ಮುಗಿಯೋ ತಾರೀಖನ್ನ ಜೋರಾಗಿ ಓದ್ತಾರೆ, ಅದಕ್ಕೇ ಆ ಹೆಸರು. ಎದುರಿಗೇ ಕರೀತೀವಿ, ಅವರಿಗೇನೂ ಬೇಜಾರಿಲ್ಲ. ನಿನ್ನೆ ಮಾತ್ರ ಅವರಿಗೆ ಓದೋಕೆ ಏನೂ ಉಳಿದಿರಲಿಲ್ಲ. ಮೊದಲು ಟೈರ್ ಇಡ್ತಿದ್ದ ಗೋದಾಮು ಅದು. ಮನೆಗೆ ಬಂದು ತಲೆ ತೊಳೆದುಕೊಂಡರೂ ಕೂದಲಲ್ಲಿ ರಬ್ಬರ್ ವಾಸನೆ ಹಾಗೇ ಇರುತ್ತೆ.

ಒಂದು ವಿಷಯ ಮರೆಯಬೇಡ. ಇಲ್ಲಿನ ಒಂದು ದೊಡ್ಡ ಆಸ್ಪತ್ರೆಯವರು ಎದೆ ಆಪರೇಷನ್ ಸಾಮಾನು ತಗೊಳ್ಳೋ ಕಂಪನಿ ಬದಲಾಯಿಸಿದರು. ಹಳೇದನ್ನೆಲ್ಲ ಕಸದ ಗಾಡಿಗೆ ಹಾಕೋಕೆ ಇಟ್ಟಿದ್ದರು, ಸೀಲ್ ಕೂಡ ಒಡೆದಿರಲಿಲ್ಲ, ತಾರೀಖು ಇನ್ನೂ ಎರಡು ವರ್ಷ ಇತ್ತು. ನಾನೇ ಹೋಗಿ ಎತ್ತಿಕೊಂಡು ಬಂದೆ. ಎದೆಯಲ್ಲಿ ತುಂಬಿಕೊಂಡ ರಕ್ತ ಹೊರಗೆ ಹರಿಸೋ ಟ್ಯೂಬು, ಅದರ ಬಾಟಲಿ ಸಮೇತ, ಹನ್ನೆರಡು ಸೆಟ್. ಮೂವತ್ತೇಳನೇ ಬಾಕ್ಸ್, ನೀಲಿ ಟೇಪ್ ಸುತ್ತಿದ್ದೀನಿ. ಅದನ್ನ ಮೊದಲು ತೆಗಿ.

ಊಟದ ಹೊತ್ತು ತಪ್ಪಿಸಬೇಡ.

ಅಕ್ಕ


ಫೆಬ್ರವರಿ 3

ಅಕ್ಕಾ,

ನಿನ್ನ ಪತ್ರ ಕೈಗೆ ಬಂತು. ವಾರ್ಡಲ್ಲೇ ನಿಂತುಕೊಂಡು ಓದೋಕೆ ಶುರು ಮಾಡಿದೆ, ಅರ್ಧದಲ್ಲಿ ಹೆರಿಗೆ ಕೇಸ್ ಬಂತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಗುಂಡ ಅಂದರೇನು ಅಂತ ನಮ್ಮ ದೊಡ್ಡ ಸಿಸ್ಟರ್, ಅದೇ ಹೆಡ್ ನರ್ಸ್, ಕೇಳಿದರು. ಹೇಳಿದೆ. ಅವರು ನನ್ನ ಬೆಲ್ಟ್ ಕಡೆ ನೋಡಿ ತಿರುಗಿಕೊಂಡು ನಕ್ಕರು. ಬೆಲ್ಟ್ ಸಡಿಲವಾಗಿ ಮೊನ್ನೆ ಮೊಳೆಯಿಂದ ಇನ್ನೊಂದು ತೂತು ಹೊಡೆದಿದ್ದೀನಿ. ಇನ್ನಾದರೂ ಆ ಹೆಸರು ಬಿಡು.

ನೂರ ನಲವತ್ತು ಬಾಕ್ಸ್ ಅಂದರೆ ನೀನೂ ಅವರೂ ಎಷ್ಟು ಒದ್ದಾಡಿರಬೇಕು. ಈ ವಯಸ್ಸಿಗೆ ಅಷ್ಟು ಮೈ ಮುರಿದುಕೊಳ್ಳಬೇಡ ಅಕ್ಕ. ನೀನು ಕಳಿಸಿದ್ದೆಲ್ಲ ತುಂಬಾ ಉಪಯೋಗಕ್ಕೆ ಬಂದಿದೆ. ಸದ್ಯಕ್ಕೆ ಇಲ್ಲಿ ಸಾಮಾನು ಸಾಕಷ್ಟಿದೆ, ಒಂದು ವರ್ಷ ಏನೂ ಕಳಿಸದಿದ್ದರೂ ನಡೆಯುತ್ತೆ.

ಇಲ್ಲಿ ಎಲ್ಲ ಕ್ಷೇಮ.

ನಿನ್ನ ತಮ್ಮ


ಮಾರ್ಚ್ 1

ಗುಂಡಾ,

ಸಾಮಾನು ಸಾಕಷ್ಟಿದೆ ಅಂತ ಬರೆದಿದ್ದೀಯ. ಚಿಕ್ಕವನಿದ್ದಾಗಲೂ ನಿಂದು ಇದೇ ಕಥೆ. ತಟ್ಟೆ ನೆಕ್ಕಿ ಇಟ್ಟು ಹೊಟ್ಟೆ ತುಂಬಿದೆ ಅಂತಿದ್ದೆ, ನನಗೆ ಉಳೀಲಿ ಅಂತ. ಆಗ ನಂಬಿದೆ, ಈಗ ನಂಬಲ್ಲ. ಮುಂದಿನ ಕಂಟೇನರನ್ನೂ ನಿನ್ನ ಆಸ್ಪತ್ರೆಗೇ ಕಳಿಸಬೇಕು ಅಂತ ನಮ್ಮ ಸಂಸ್ಥೆಯ ಕಾರ್ಯದರ್ಶಿಗೆ ಹೇಳಿದ್ದೀನಿ. ಅವರಿಗೆ ಖುಷಿಯೇ. ಗೋಡೆ ಮೇಲೆ ಒಂದು ಬೋರ್ಡ್ ಇದೆ, ಈ ವರ್ಷ ಎಷ್ಟು ಟನ್ ಕಳಿಸಿದ್ವಿ ಅಂತ ಬರೆಯೋದು. ಬಂದವರನ್ನೆಲ್ಲ ಮೊದಲು ಅದರ ಮುಂದೆ ನಿಲ್ಲಿಸ್ತಾರೆ.

ಅಕ್ಷರ ಸೊಟ್ಟಗಿದೆ ಅಂತ ಬೈಬೇಡ, ಬಸ್ಸಲ್ಲಿ ಕೂತು ಬರೀತಿದ್ದೀನಿ.

ನಿಮ್ಮ ಭಾವ ಹೋಗಿ ಮೊನ್ನೆಗೆ ಎರಡು ವರ್ಷ ಆಯಿತು. ಅವತ್ತೂ ಗೋದಾಮಿಗೆ ಹೋಗಿದ್ದೆ. ಮನೇಲಿ ಕೂತು ಏನು ಮಾಡಲಿ. ಗ್ಲೌಸ್ ಒಂದು ಕಡೆ, ಹೊಲಿಗೆ ದಾರ ಒಂದು ಕಡೆ, ಸಿರಿಂಜ್ ಒಂದು ಕಡೆ, ಬೆಳಿಗ್ಗೆಯಿಂದ ಸಂಜೆವರೆಗೆ ಬೇರೆ ಮಾಡಿದೆ. ಸಂಜೆ ನೋಡಿದರೆ ರಾಶಿ ಬೆಳಿಗ್ಗೆ ಇದ್ದಷ್ಟೇ ಇತ್ತು. ಮಧ್ಯಾಹ್ನ ಇನ್ನೊಂದು ಲಾರಿ ಬಂದಿತ್ತು.

ಅಕ್ಕ


ಏಪ್ರಿಲ್ 28

ಅಕ್ಕಾ,

ನಿನ್ನ ಬಾಕ್ಸ್‌ಗಳು ಸೋಮವಾರ ಬಂದವು. ಒಂದೂ ಒಡೆದಿಲ್ಲ, ಒಂದೂ ನೆನೆದಿಲ್ಲ. ಇಳಿಸೋಕೆ ಅಡುಗೆಯವರೂ ಕಾವಲುಗಾರನೂ ಸೇರಿ ಆರು ಜನ ಬೇಕಾಯಿತು.

ನೀನು ಮಾಡ್ತಿರೋದು ದೊಡ್ಡ ಕೆಲಸ ಅಕ್ಕ. ಇಲ್ಲಿ ಎಲ್ಲರೂ ನಿನ್ನನ್ನ ನೆನೆಸ್ತಾರೆ. ಅದರಲ್ಲೂ ರೋಗಿಗಳ ಕಡೆಯವರಿಗೆ ಈ ಬಾಕ್ಸ್‌ಗಳಿಂದ ತುಂಬಾ ಅನುಕೂಲ ಆಗಿದೆ.

ಭಾವನ ವರ್ಷದ ದಿನ ನಿನಗೆ ಮನೇಲಿ ಕೂರೋಕಾಗಲಿಲ್ಲ ಅಂತ ಓದಿ ಬೇಜಾರಾಯಿತು. ಗೋದಾಮು ಅಂತ ಒಂದಿದೆಯಲ್ಲ, ಅದೇ ಸಮಾಧಾನ.

ಬೇರೆ ಏನೂ ವಿಶೇಷ ಇಲ್ಲ.

ತಮ್ಮ


ಜೂನ್ 11

ಅಕ್ಕಾ,

ಒಂದು ಕೇಳೋದಿದೆ. ಎದೆಯಿಂದ ರಕ್ತ ತೆಗೆಯೋಕೆ ಹಾಕೋ ಟ್ಯೂಬು, ದೊಡ್ಡವರ ಅಳತೇದು, ಎಲ್ಲಾದರೂ ಸಿಕ್ಕರೆ ಬೇಗ ಕಳಿಸ್ತೀಯಾ? ಕಂಟೇನರ್‌ಗೆ ಕಾಯಬೇಡ, ಚಿಕ್ಕ ಪಾರ್ಸಲ್ ಮಾಡಿ ಅಂಚೆಗೆ ಹಾಕು. ನಾಲ್ಕು ಸಿಕ್ಕರೂ ಸಾಕು. ಮೊನ್ನೆ ಒಬ್ಬರಿಗೆ ಬೇಕಾಗಿತ್ತು, ನಮ್ಮಲ್ಲಿ ಇರಲಿಲ್ಲ, ಇದ್ದದ್ದರಲ್ಲೇ ಏನೋ ಮಾಡಿದ್ವಿ. ಮುಂದಕ್ಕೆ ಇರಲಿ ಅಂತ ಕೇಳ್ತಿದ್ದೀನಿ.

ತಮ್ಮ


ಜುಲೈ 2

ಗುಂಡಾ,

ಮೂರು ವರ್ಷ ಆಯಿತು ನಾನು ಸಾಮಾನು ಕಳಿಸೋಕೆ ಶುರು ಮಾಡಿ. ಇಂಥದ್ದು ಬೇಕು ಅಂತ ನೀನು ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ಪತ್ರ ಓದಿ ಎಷ್ಟು ಸಂತೋಷ ಆಯಿತು ಅಂದರೆ, ತಾರೀಖಪ್ಪನಿಗೂ ಓದಿ ಹೇಳಿದೆ. ಅವರು, ನಿಮ್ಮ ತಮ್ಮನಿಗೆ ಮರೆವು ಅಂದರು.

ಅದು ನಿನ್ನ ಹತ್ತಿರಾನೇ ಇದೆ ಕಣೋ. ಹನ್ನೆರಡು ಸೆಟ್, ಮೂವತ್ತೇಳನೇ ಬಾಕ್ಸ್, ನೀಲಿ ಟೇಪ್. ಜನವರಿಯಲ್ಲೇ ಬರೆದಿದ್ದೆ. ಕೆಲಸದ ಗಡಿಬಿಡೀಲಿ ಯಾವುದೋ ಮೂಲೆಗೆ ಸೇರಿರಬೇಕು. ಮನೇಲಿ ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕ್ತಿದ್ದರಲ್ಲ ಅಪ್ಪ, ನೀನು ಅವರ ಮಗನೇ.

ಆ ರೋಗಿ ಈಗ ಹೇಗಿದ್ದಾರೆ? ಬರಿ.

ಅಕ್ಕ


ಆಗಸ್ಟ್ 21

ಗುಂಡಾ,

ಏಳು ವಾರ ಆಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಬಾಕ್ಸ್ ಸಿಗಲಿಲ್ಲವಾ? ಸಿಕ್ಕಿದ್ದು ಕೆಲಸಕ್ಕೆ ಬರಲಿಲ್ಲವಾ? ತಾರೀಖಪ್ಪ ಹಳೇ ಪಟ್ಟಿ ತೆಗೆದು ಎರಡು ಸಲ ನೋಡಿದರು. ತಾರೀಖು ಸರಿ ಇದೆ, ಅಳತೆ ಸರಿ ಇದೆ, ಬಾಕ್ಸಿನ ನಂಬರೂ ಸರಿ ಇದೆ ಅಂತಾರೆ.

ಮರೆವು ಅಂತ ಬರೆದದ್ದಕ್ಕೆ ಕೋಪ ಬಂತಾ? ಅಷ್ಟಕ್ಕೆಲ್ಲ ಮುನಿಸಿಕೊಳ್ಳೋ ವಯಸ್ಸಾ ನಿಂದು. ಇಲ್ಲ, ಮೈಗೆ ಹುಷಾರಿಲ್ಲವಾ? ಫೋನ್ ಮಾಡಿದರೆ ಆ ಕಡೆ ಬರೀ ಗೊರಗೊರ ಶಬ್ದ.

ಎರಡೇ ಸಾಲು ಬರಿ, ಸಾಕು.

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ನಿನ್ನ ಎರಡೂ ಪತ್ರ ಸಿಕ್ಕಿವೆ. ಮೊದಲನೇದು ಜುಲೈ ಕೊನೇಲೇ ಬಂದಿತ್ತು. ಬರೆಯೋಕೆ ಎಷ್ಟೋ ಸಲ ಕೂತು ಎದ್ದಿದ್ದೀನಿ. ಇವತ್ತು ಪೂರ್ತಿ ಬರೆದು, ತಿರುಗಿ ಓದದೆ ಅಂಚೆಗೆ ಹಾಕ್ತೀನಿ.

ಜೂನಲ್ಲಿ ನಾನು ಟ್ಯೂಬು ಕೇಳಿ ಬರೆದಾಗ ಆ ರೋಗಿ ತೀರಿಹೋಗಿ ಐದು ದಿನ ಆಗಿತ್ತು. ಅದನ್ನ ನಿನಗೆ ಬರೀಲಿಲ್ಲ.

ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹಿಡಿಯೋ ಕೆಲಸದವನು. ವಯಸ್ಸು ಮೂವತ್ತೊಂದು. ಬಂಡೆ ಜಾರಿ ಪಕ್ಕೆಲುಬು ನಾಲ್ಕು ಮುರಿದು, ಎದೆ ತುಂಬಾ ರಕ್ತ. ನಮ್ಮಲ್ಲಿ ಇದ್ದ ಕೊನೇ ಟ್ಯೂಬು ಏಪ್ರಿಲಲ್ಲೇ ಮುಗಿದಿತ್ತು. ಹೊಟ್ಟೆಗೆ ಹಾಕೋ ತೆಳ್ಳನೆ ಟ್ಯೂಬಿಗೆ ತೂತು ಕೊರೆದು ಹಾಕಿದೆ. ರಕ್ತ ಹೆಪ್ಪುಗಟ್ಟಿ ಕಟ್ಟಿಕೊಳ್ತಿತ್ತು. ತೆಗೆದು ಇನ್ನೊಂದು ಹಾಕಿದೆ, ಆಮೇಲೆ ಮತ್ತೊಂದು. ದೊಡ್ಡ ಆಸ್ಪತ್ರೆ ಒಂಬತ್ತು ಗಂಟೆ ದಾರಿ, ನಡುವೆ ಸೇತುವೆ ರಿಪೇರಿ ಅಂತ ಗಾಡಿ ಬಿಡ್ತಿರಲಿಲ್ಲ. ಎರಡನೇ ದಿನ ಎದ್ದು ಕೂತು, ನನ್ನ ಪಾಳಿ ಯಾರು ಮಾಡ್ತಿದ್ದಾರೆ ಅಂತ ಕೇಳಿದ. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋದ.

ನಿನ್ನ ಜನವರಿ ಪತ್ರವನ್ನ ಅವತ್ತು ಹೆರಿಗೆ ಕೇಸಿಗೆ ಅರ್ಧಕ್ಕೇ ಬಿಟ್ಟವನು ಮತ್ತೆ ತೆಗೆದು ಓದಿರಲೇ ಇಲ್ಲ. ಜುಲೈ ಪತ್ರ ಓದಿ ಮೂವತ್ತೇಳನೇ ಬಾಕ್ಸ್ ಹುಡುಕಿದೆ. ಹುಡುಕಬೇಕಾಯಿತು, ಯಾಕಂದರೆ ನಾವು ಈ ಸಲದ ಒಂದು ಬಾಕ್ಸನ್ನೂ ತೆಗೆದಿರಲಿಲ್ಲ. ನೀನು ಕಳಿಸಿದ ಮೊದಲನೇ ಕಂಟೇನರ್ ನಿಜವಾಗಲೂ ಕೆಲಸಕ್ಕೆ ಬಂತು. ಎರಡನೇದರಲ್ಲಿ ಸೊಂಟದ ಕೀಲು ಬದಲಾಯಿಸೋ ಉಪಕರಣ ಬಂತು, ಅದೂ ಎಡಗಾಲಿಗೆ ಮಾತ್ರ. ಇಲ್ಲಿ ಆ ಆಪರೇಷನ್ ಬಲಗಾಲಿಗೂ ಮಾಡಲ್ಲ. ನಮ್ಮಲ್ಲಿಲ್ಲದ ಯಾವುದೋ ಮೆಷಿನ್ನಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಮೂತಿ ನಾಲ್ಕು ಸಾವಿರ ಬಂತು. ಗ್ಲೌಸ್ ಎಲ್ಲ ಒಂದೇ ಅಳತೆ, ಇಡೀ ಆಸ್ಪತ್ರೆಯಲ್ಲಿ ಅದು ಸರಿಹೋಗೋದು ಕಾವಲುಗಾರನ ಕೈಗೆ ಮಾತ್ರ. ನಾನೂ ದೊಡ್ಡ ಸಿಸ್ಟರೂ ಡ್ಯೂಟಿ ಮುಗಿಸಿ ಹತ್ತು ದಿನ ತೆಗೆದೆವು. ಕೊನೆಗೆ ಹಿಂದುಗಡೆ ಗುಂಡಿ ತೋಡಿ ಸುಟ್ಟೆವು. ಹೊಗೆ ವಾರ್ಡಿಗೆ ನುಗ್ಗಿ ಜನ ಕೆಮ್ಮಿದರು. ಆಮೇಲೆ ಬಂದ ನೂರ ಹತ್ತು, ಈಗಿನ ನೂರ ನಲವತ್ತು, ಎರಡನ್ನೂ ಬಂದ ಹಾಗೇ ಶೆಡ್ಡಿಗೆ ತಳ್ಳಿದೆವು.

ರೋಗಿಗಳ ಕಡೆಯವರಿಗೆ ಅನುಕೂಲ ಆಗಿದೆ ಅಂತ ಬರೆದಿದ್ದೆನಲ್ಲ, ಅದು ಸುಳ್ಳಲ್ಲ. ಶೆಡ್ಡಲ್ಲಿ ಹಿಡಿಸದ ಬಾಕ್ಸ್‌ಗಳನ್ನ ವರಾಂಡದಲ್ಲಿ ಎರಡು ಸಾಲು ಜೋಡಿಸಿ, ಮೇಲೆ ಹಲಗೆ ಹಾಕಿದ್ವಿ, ಕೂತುಕೊಳ್ಳೋಕೆ.

ಮೂವತ್ತೇಳು ಕೆಳಗಿನ ಸಾಲಲ್ಲಿತ್ತು, ಒಳಗೆ ಹನ್ನೆರಡು ಸೆಟ್ಟೂ ಹಾಗೇ ಇತ್ತು. ಅವನ ಹೆಂಡತಿ ಮೂರು ದಿನವೂ ಕೂತಿದ್ದು ಆ ಹಲಗೆ ಮೇಲೆ. ವಾರ್ಡಿನ ಬಾಗಿಲಿಂದ ಅಲ್ಲಿಗೆ ಎಷ್ಟು ಹೆಜ್ಜೆ ಅಂತ ದೊಡ್ಡ ಸಿಸ್ಟರ್ ಎಣಿಸಿದರಂತೆ. ನನಗೆ ಹೇಳಬೇಡಿ ಅಂದೆ.

ಬೇರೆ ಬಾಕ್ಸ್‌ಗಳನ್ನ ಇನ್ನೂ ಮುಟ್ಟಿಲ್ಲ. ಕತ್ತರಿ ಹಿಡಿದು ಹೋಗ್ತೀನಿ, ವಾಪಸ್ ಬರ್ತೀನಿ. ಒಳಗೆ ಇನ್ನೇನಿದೆಯೋ, ಅದು ಯಾವತ್ತು ಯಾರಿಗೆ ಬೇಕಾಗಿತ್ತೋ ಅಂತ.

ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳ್ತೀಯ. ಭಾವ ಹೋದಮೇಲೆ ನಿನ್ನ ಪತ್ರಗಳಲ್ಲಿ ಗೋದಾಮು ಬಿಟ್ಟರೆ ಬೇರೇನೂ ಇರ್ತಿರಲಿಲ್ಲ. ನೀನು ಬೆಳಿಗ್ಗೆ ಏಳೋದೇ ಅದಕ್ಕೋಸ್ಕರ ಅಂದುಕೊಂಡೆ. ಇದೆಲ್ಲ ಬೇಡ ಅಂತ ಬರೆಯೋಕೆ ನನ್ನಿಂದ ಆಗಲಿಲ್ಲ.

ಅವನ ಹೆಂಡತಿಗೆ ಇದು ಗೊತ್ತಿಲ್ಲ. ಹೋಗುವಾಗ ನನ್ನ ಕೈ ಹಿಡಿದು, ತುಂಬಾ ಕಷ್ಟಪಟ್ಟಿರಿ ಡಾಕ್ಟ್ರೇ ಅಂದಳು. ಹೇಳಬೇಕಾ ಅಕ್ಕ? ನಿನ್ನ ಬಿಟ್ಟು ಬೇರೆ ಯಾರನ್ನ ಕೇಳಲಿ.

ತಮ್ಮ


ಅಕ್ಟೋಬರ್ 12

ಗುಂಡಾ,

ನಿನ್ನ ಪತ್ರವನ್ನ ಅಡುಗೆಮನೇಲಿ ನಿಂತುಕೊಂಡು ಒಂದು ಸಲ ಓದಿದೆ, ಕೂತುಕೊಂಡು ಒಂದು ಸಲ. ಒಲೆ ಮೇಲಿಟ್ಟಿದ್ದು ಸೀದು ಪಾತ್ರೆ ಹಾಳಾಯಿತು.

ನಿನ್ನ ಮೇಲೆ ಕೋಪ ಬಂತು, ಇಲ್ಲ ಅಂತ ಹೇಳಲ್ಲ. ಎರಡು ದಿನ ಇತ್ತು. ಹತ್ತು ನಿಮಿಷದ ಕೆಲಸ, ಒಂದು ಟೇಪ್ ಕುಯ್ಯೋದು, ಅದನ್ನ ಮಾಡಲಿಲ್ಲವಲ್ಲ ಇವನು ಅಂತ. ಮೂರನೇ ದಿನ ಗೋದಾಮಿಗೆ ಹೋದೆ. ಮೇಜಿನ ಮೇಲೆ ಅದೇ ಪ್ಲಾಸ್ಟಿಕ್ ಮೂತಿಗಳ ಇನ್ನೊಂದು ಮೂಟೆ ಇತ್ತು. ಅದನ್ನ ಬಾಕ್ಸಿಗೆ ತುಂಬೋಕೆ ನನ್ನ ಕೈ ತಾನಾಗೇ ಮುಂದೆ ಹೋಯಿತು.

ಕೇಳು. ಎಡಗಾಲಿನ ಆ ಉಪಕರಣ ಹಾಕಿದ್ದು ನಾನು. ಗೊತ್ತಿದ್ದೇ ಹಾಕಿದ್ದು. ಮೂವತ್ತಾರು ವರ್ಷ ಆಪರೇಷನ್ ಥಿಯೇಟರಲ್ಲಿ ನರ್ಸಾಗಿ ನಿಂತವಳಿಗೆ ಅದೇನು ಅಂತ ಗೊತ್ತಾಗಲ್ಲವಾ. ಅರ್ಧ ಖಾಲಿ ಕಂಟೇನರ್ ಕಳಿಸಿದರೆ ಚೆನ್ನಾಗಿರಲ್ಲ ಅಂತ ಕಾರ್ಯದರ್ಶಿ ಅಂತಿದ್ದರು, ಆಸ್ಪತ್ರೆಗಳಿಗೂ ಜಾಗ ಖಾಲಿ ಆದರೆ ಸಾಕಾಗಿತ್ತು. ನಾನು ತುಂಬಿದೆ. ಡಾಕ್ಟರ್ ಇದ್ದಾನೆ, ಬೇಡದ್ದನ್ನ ಅವನೇ ಎಸೀತಾನೆ ಅಂದುಕೊಂಡೆ. ಒಳ್ಳೇ ಸಾಮಾನು ಹತ್ತು ಬಾಕ್ಸ್ ಇತ್ತೇನೋ, ಅದನ್ನ ನೂರ ಮೂವತ್ತು ಬಾಕ್ಸ್ ಕಸದ ಮಧ್ಯೆ ಇಟ್ಟು, ನೀಲಿ ಟೇಪ್ ಸುತ್ತಿ ಕೈ ತೊಳೆದುಕೊಂಡೆ.

ಇನ್ನೂ ಒಂದು. ಮಾರ್ಚಲ್ಲಿ ಬಸ್ಸಲ್ಲಿ ಕೂತು ಬರೀತಿದ್ದೀನಿ ಅಂದಿದ್ದೆ. ಬಸ್ಸೂ ಇಲ್ಲ ಏನೂ ಇಲ್ಲ. ಗೋದಾಮಿನ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು, ಎಡಗೈಯಲ್ಲಿ ಬರೆದೆ. ಪ್ಲಾಸ್ಟರ್ ಹಾಕಿಕೊಂಡೇ ಹೋಗ್ತಿದ್ದೆ. ಬೆಳಿಗ್ಗೆ ಏಳೋದೇ ಅದಕ್ಕೋಸ್ಕರ ಅಂತ ನೀನು ಅಂದುಕೊಂಡೆಯಲ್ಲ, ನನಗೆ ಏಳೋಕೇ ಆಗ್ತಿರಲಿಲ್ಲ ಗುಂಡಾ. ಸಾಕಾಗಿ ಎರಡು ವರ್ಷ ಆಗಿತ್ತು. ತಮ್ಮ ಕಾಯ್ತಿರ್ತಾನೆ ಅಂತ ಹೋಗ್ತಿದ್ದೆ. ಅದನ್ನ ನಿನಗೆ ಬರೆದಿದ್ದರೆ ನೀನೂ ನಿಂದು ಬರೀತಿದ್ದೆಯೇನೋ.

ಮಂಗಳವಾರ ಒಂದು ಆಸ್ಪತ್ರೆಯಿಂದ ಲಾರಿ ಬಂತು. ಇಳಿಸೋಕೆ ಬಿಡಲಿಲ್ಲ. ಲಾರಿ ಮೇಲೇ ಹತ್ತು ಮೂಟೆ ಬಿಚ್ಚಿಸಿ ತಾರೀಖಪ್ಪನ ಕೈಲಿ ಓದಿಸಿದೆ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಒಂದೊಂದಾಗಿ ಓದಿದರು. ಡ್ರೈವರ್ ತಲೆ ಕೆರೆದುಕೊಂಡು ನಿಂತಿದ್ದ. ಕಾರ್ಯದರ್ಶಿ ಓಡಿ ಬಂದು, ಅವರಿಗೆ ಬೇಜಾರಾಗುತ್ತೆ, ಇನ್ನು ಮೇಲೆ ಏನೂ ಕೊಡಲ್ಲ ಅಂದರು. ನಾನು ಶಟರ್ ಕೆಳಗೆ ನಿಂತು, "ಅವರು ಕಸ ಹಾಕೋಕೆ ಜಾಗ ಹುಡುಕ್ತಿದ್ದಾರೆ, ನನ್ನ ತಮ್ಮನ ವರಾಂಡ ಆ ಜಾಗ ಅಲ್ಲ" ಅಂದೆ. ಲಾರಿ ವಾಪಸ್ ಹೋಯಿತು. ಸಂಜೆ ಸಭೆಯಲ್ಲಿ ನಿನ್ನ ಪತ್ರದ ನಡುವಿನ ಪುಟ ಓದಿದೆ. ಓದಿದಮೇಲೆ ಕಾರ್ಯದರ್ಶಿ, ನೀವು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಂದರು. ತಗೊಂಡಿದ್ದೀನಿ. ಮುಂದಿನ ಕಂಟೇನರ್ ನಿಂತಿದೆ. ಅದು ಮತ್ತೆ ಶುರು ಆಗುತ್ತೋ ಇಲ್ಲವೋ ಗೊತ್ತಿಲ್ಲ. ನೀನು ಇಂಥದ್ದು ಇಷ್ಟು ಬೇಕು ಅಂತ ಬರೆದರೆ ನಾನೂ ತಾರೀಖಪ್ಪನೂ ಹುಡುಕಿ ಪಾರ್ಸಲ್ ಮಾಡ್ತೀವಿ. ಬರೀದಿದ್ದರೆ ಏನೂ ಬರಲ್ಲ.

ಅವಳಿಗೆ ಹೇಳಬೇಕಾ ಅಂತ ಕೇಳಿದ್ದೀಯ. ಥಿಯೇಟರಲ್ಲಿ ನಡೆದು, ಹೊರಗೆ ಕಾಯ್ತಿದ್ದವರಿಗೆ ಹೇಳದೇ ಬಿಟ್ಟಿದ್ದು ನನ್ನ ಹತ್ತಿರ ಎಷ್ಟೋ ಇದೆ. ಯಾವುದೂ ಇವತ್ತಿಗೂ ಹಳೇದಾಗಿಲ್ಲ. ಹೇಳು. ನಿನ್ನ ಮನಸ್ಸು ಹಗುರ ಮಾಡಿಕೊಳ್ಳೋಕೆ ಹೋಗಬೇಡ, ಕ್ಷಮಿಸು ಅಂತ ಕೇಳಬೇಡ, ಅದು ಅವಳಿಗೆ ಇನ್ನೊಂದು ಹೊರೆ. ನಡೆದದ್ದು ಹೇಳಿ ಬಾ. ನನ್ನ ಪಾಲೂ ಹೇಳು.

ಅಕ್ಕ


ನವೆಂಬರ್ 5

ಅಕ್ಕಾ,

ನಿನ್ನೆ ಹೋಗಿದ್ದೆ.

ದೊಡ್ಡ ಸಿಸ್ಟರ್ ಜೊತೆಗೆ ಬಂದರು, ನಾನು ಕರೆದಿರಲಿಲ್ಲ. ಕ್ವಾರಿ ಪಕ್ಕದಲ್ಲಿ ಕೆಲಸಗಾರರ ರೂಮುಗಳು ಸಾಲಾಗಿವೆ, ಅವಳದ್ದು ಕೊನೇದು. ಈಗ ಅವಳೇ ಕ್ವಾರಿಯಲ್ಲಿ ಜಲ್ಲಿ ಜರಡಿ ಹಿಡೀತಾಳೆ. ಊಟದ ಹೊತ್ತು, ಮನೆಗೆ ಬಂದಿದ್ದಳು. ಮೈ ಮುಖ ಎಲ್ಲ ಬೂದಿ ಬಣ್ಣದ ಧೂಳು. ನನ್ನ ನೋಡಿ ಗಾಬರಿಯಾಗಿ, ಅತ್ತೆಯ ರಿಪೋರ್ಟಲ್ಲಿ ಏನಾದರೂ ಬಂತಾ ಅಂತ ಕೇಳಿದಳು. ಅವಳ ಅತ್ತೆ ಕಫ ಪರೀಕ್ಷೆಗೆ ಕೊಟ್ಟಿದ್ದರಂತೆ, ಅದು ನನಗೆ ಗೊತ್ತೇ ಇರಲಿಲ್ಲ. ಅದಲ್ಲ ಅಂದೆ. ಬಕೆಟ್ ಬೋರಲು ಹಾಕಿ ಕೂರಿಸಿದಳು, ದೊಡ್ಡ ಸಿಸ್ಟರಿಗೆ ಒಳಗಿಂದ ಮಣೆ ತಂದಳು.

ಮೊದಲು ಟ್ಯೂಬಿನ ವಿಷಯ ಹೇಳಿದೆ, ಆಮೇಲೆ ಬಾಕ್ಸಿನ ವಿಷಯ. ಹಲಗೆ ಬೆಂಚಿನ ವಿಷಯ ಬಿಟ್ಟುಬಿಡೋಣ ಅನಿಸಿತು, ಬಿಡಲಿಲ್ಲ. ನನ್ನ ಅಕ್ಕ ಕಳಿಸಿದ್ದು, ತೆಗಿ ಅಂತ ಬರೆದಿದ್ದಳು, ನಾನು ತೆಗೀಲಿಲ್ಲ ಅಂದೆ. ನಿನ್ನ ಪಾಲೂ ಹೇಳಿದೆ. ಆ ಟ್ಯೂಬು ಇದ್ದಿದ್ದರೆ ಅವನು ಉಳೀತಿದ್ದನಾ ಅಂತ ಅವಳು ಕೇಳಿದಳು. ಖಂಡಿತ ಅಂತ ಹೇಳೋಕಾಗಲ್ಲ, ಉಳಿಯೋ ಸಾಧ್ಯತೆ ತುಂಬಾ ಇತ್ತು ಅಂದೆ. ಅವಳು ಅಳಲಿಲ್ಲ, ನನ್ನನ್ನ ಬೈಯಲೂ ಇಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕೊಡವಿ, ಮಡಚಿ ತೊಡೆ ಮೇಲಿಟ್ಟುಕೊಂಡಳು. ಒಳಗೆ ಅತ್ತೆ ಕೆಮ್ಮುತ್ತಾ ಯಾರು ಬಂದಿದ್ದು ಅಂತ ಕೂಗಿದರು. ಆಸ್ಪತ್ರೆಯವರು ಅಂದಳು.

ಆಮೇಲೆ ನನ್ನ ಮುಖ ನೋಡಿ, "ಉಳಿದ ಬಾಕ್ಸ್ ತೆಗೆದು ನೋಡಿದಿರಾ?" ಅಂತ ಕೇಳಿದಳು.

ಇಲ್ಲ ಅಂದೆ.

"ಎಷ್ಟಿದೆ?"

"ಇನ್ನೂರ ನಲವತ್ತೊಂಬತ್ತು."

ಎದ್ದು ನಿಂತಳು. "ಮತ್ತೆ ಇಲ್ಲೇನು ಮಾಡ್ತಿದ್ದೀರಿ?" ಅಂದಳು. ಜೋರಾಗೇನೂ ಅನ್ನಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಕ್ವಾರಿ ಕಡೆ ನಡೆದಳು, ಊಟ ಮಾಡಿದಳೋ ಇಲ್ಲವೋ. ದೊಡ್ಡ ಸಿಸ್ಟರ್ ಬಕೆಟ್ ಎತ್ತಿ ಇದ್ದ ಜಾಗಕ್ಕೆ ಇಟ್ಟು, ನಡೀರಿ ಅಂದರು.

ನಿನ್ನೆ ಮಧ್ಯಾಹ್ನದಿಂದ ಹನ್ನೊಂದು ತೆಗೆದಿದ್ದೀವಿ. ಹೊಲಿಗೆ ದಾರ ಮೂರು ಬಾಕ್ಸ್ ಚೆನ್ನಾಗಿದೆ. ಇನ್ನೊಂದರಲ್ಲಿ ಮಕ್ಕಳಿಗೆ ಆಕ್ಸಿಜನ್ ಕೊಡೋ ಮಾಸ್ಕ್ ಮೂವತ್ತು ಸಿಕ್ಕಿದೆ, ಹೋದ ವರ್ಷ ಅದಿಲ್ಲದೆ ಎಷ್ಟು ಪರದಾಡಿದ್ದೆವು ಅಂತ ದೊಡ್ಡ ಸಿಸ್ಟರಿಗೂ ನೆನಪಿದೆ, ನನಗೂ ನೆನಪಿದೆ. ಉಳಿದ ಏಳು ಬಾಕ್ಸ್ ಯಾವ ಕೆಲಸಕ್ಕೂ ಬರಲ್ಲ. ಯಾವುದರಲ್ಲಿ ಏನಿತ್ತು ಅಂತ ಬೇರೆ ಹಾಳೇಲಿ ಬರೆದಿದ್ದೀನಿ, ತಾರೀಖಪ್ಪನವರಿಗೆ ಕೊಡು. ಅವಳ ಅತ್ತೆಯ ಕಫದ ರಿಪೋರ್ಟ್ ಹುಡುಕಿ ತೆಗೆದೆ, ಕ್ಷಯ ಅಂತ ಬಂದಿದೆ. ನಾಳೆಯಿಂದ ಅವರಿಗೆ ಔಷಧಿ ಶುರು ಮಾಡಬೇಕು.

ನಿನ್ನ ಕೈ ಈಗ ಪೂರ್ತಿ ಮಡಚೋಕೆ ಬರುತ್ತಾ? ನಿಜ ಬರಿ.

ಇನ್ನು ಇನ್ನೂರ ಮೂವತ್ತೆಂಟು ಇದೆ ಅಕ್ಕ. ದೊಡ್ಡ ಸಿಸ್ಟರ್ ಶೆಡ್ಡಿಂದ ಕರೀತಿದ್ದಾರೆ. ಇಲ್ಲಿಗೆ ನಿಲ್ಲಿಸ್ತೀನಿ.

ಗುಂಡ